ಹಳೇಕೋಟೆಯ ಜಗಲಿಯಲ್ಲಿ ಹೂವಿನ ಗಿಡ

ಹೊಳೆನರಸೀಪುರದಿಂದ ಹಳೇಕೋಟೆಗೆ ಹೋದದ್ದು ನೆಂಟರ ಮನೆಯ ಗೃಹಪ್ರವೇಶಕ್ಕೆ. ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು ಪಕ್ಕದ ಮನೆ ಜಗಲಿಯಲ್ಲಿ ಕೂತಿದ್ದೆ. ಅಲ್ಲೊಬ್ಬ ಅಜ್ಜಿ ಮೊಮ್ಮಗಳಿಗೆ ಹೂವಿನ ಗಿಡವಾಗುವ ಹುಡುಗಿಯ ಕಥೆ ಹೇಳುತ್ತಿದ್ದರು. ಉಗುರು ತಾಕದ ಹಾಗೆ ಒಂದು ಬಿಂದಿಗೆ ನೀರು ಹೊಯ್ದರೆ ಗಿಡ. ಇನ್ನೊಂದು ಬಿಂದಿಗೆ ಹೊಯ್ದರೆ ಮತ್ತೆ ಹುಡುಗಿ. ಪ್ರಯೋಗಶಾಲೆಯಲ್ಲೂ ಇಷ್ಟು ಕಟ್ಟುನಿಟ್ಟಿಲ್ಲ!

“ಕೊಂಬೆ ಮುರುದ್ರೆ?” ಎಂದಿತು ಮಗು.

“ಕೈಕಾಲಿಲ್ದೆ ಬಿದ್ದಿರ್ತಾಳೆ ಕಣವ್ವ.”

ನಾನು ವಿಜ್ಞಾನದ ಮೇಷ್ಟ್ರು. ಹಿಂದೆ ನನ್ನಮ್ಮ ಮಗಳಿಗೆ ಇಂಥದೇ ಕಥೆ ಹೇಳುವಾಗ “ಮನುಷ್ಯರು ಗಿಡ ಆಗೋದುಂಟೇ?” ಎಂದು ಅಡ್ಡಬಾಯಿ ಹಾಕಿದ್ದೆ. ಆಮೇಲೆ ಅಮ್ಮ ನನ್ನೆದುರು ಕಥೆ ಹೇಳಲೇ ಇಲ್ಲ.

ಹೂವಿನ ಗಿಡದ ಕಥೆಯನ್ನು ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ಕೊಟ್ಟರು. ಗಿರೀಶ ಕಾರ್ನಾಡರು 1992ರಲ್ಲಿ ಅದನ್ನು ‘ಚೆಲುವಿ’ ಎಂಬ ಹಿಂದಿ ಸಿನಿಮಾ ಮಾಡಿದರು. 2006ರಲ್ಲಿ ಅಮೆರಿಕದ ಜಾನ್ ಆಡಮ್ಸ್ ಅವರ ಗೀತನಾಟಕವಾಗಿ ವಿಯೆನ್ನಾದ ರಂಗವನ್ನೇರಿತು. ಸಿಂಡ್ರೆಲಾಳ ಮೇಲೆ ಯಾರೆಷ್ಟು ಹೊಸ ಕಾದಂಬರಿ ಬರೆದರೂ ಚಪ್ಪಲಿ ಯಾರ ಕಾಲಿಗೆ ಹೊಂದುತ್ತದೆಂದು ನಮಗೆ ಮೊದಲೇ ಗೊತ್ತು. ಇಲ್ಲಿ ಹಾಗಲ್ಲ. ಮುರಿದ ಕೊಂಬೆ ಕೂಡುತ್ತದೋ ಇಲ್ಲವೋ ಎಂದು ಜೀವ ಹಿಡಿದುಕೊಂಡು ಕಾಯಬೇಕು.

ಬಸ್ಸು ಹಾರ್ನ್ ಹೊಡೆಯಿತು. ಅಜ್ಜಿಯ ಕಥೆಯಲ್ಲಿ ಕೊಂಬೆ ಇನ್ನೂ ಕೂಡಿರಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತೆಂದು ಕೂತೆ.