ಕಕ್ಕಬ್ಬೆಯಲ್ಲೊಂದು ಖಾಲಿ ಕೋಣೆ

ವಿಜಯನಗರದ ನಮ್ಮ ಮನೆಯ ನಲ್ಲಿಯಲ್ಲಿ ಬರುವುದು ಕಾವೇರಿ ನೀರು. ಆ ನದಿ ಹುಟ್ಟುವ ಸೀಮೆಯನ್ನು ಒಮ್ಮೆ ನೋಡಿ ಬರೋಣವೆಂದು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೆವು. ಮಗಳ ಎರಡನೇ ಪಿಯುಸಿ ಪರೀಕ್ಷೆ ಮುಗಿದ ಮೇಲೆ ಆ ಕಾಲ ಕೂಡಿ ಬಂತು. ಸಿಇಟಿ ಇನ್ನೂ ಮುಂದಿತ್ತಾದ್ದರಿಂದ ಪುಸ್ತಕಗಳನ್ನೂ ಚೀಲಕ್ಕೆ ತುಂಬಿಕೊಂಡಳು (ಅವನ್ನು ತೆರೆದದ್ದನ್ನು ನಾನಂತೂ ಕಾಣಲಿಲ್ಲ!).

ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮೈಸೂರು, ಹುಣಸೂರು, ಕುಶಾಲನಗರ ದಾಟಿ ಮಧ್ಯಾಹ್ನದ ವೇಳೆಗೆ ಮಡಿಕೇರಿ. ಅಲ್ಲಿಂದ ನಾಪೋಕ್ಲು ಮಾರ್ಗವಾಗಿ ಖಾಸಗಿ ಬಸ್ಸಿನಲ್ಲಿ ಕಕ್ಕಬ್ಬೆ. ಕೊಡಗಿನ ಅತಿ ಎತ್ತರದ ಶಿಖರ ತಡಿಯಂಡಮೋಳ್ (1748 ಮೀಟರ್) ಇರುವುದು ಇಲ್ಲೇ. ಅದರ ಬುಡದಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ. ಹಾದಿಯಲ್ಲೇ ಪಾಡಿ ಇಗ್ಗುತ್ತಪ್ಪನ ಗುಡಿ. ಇವೆಲ್ಲ ನೋಡುವಂಥವೇ. ಆದರೆ ನಾನು ಹೇಳಹೊರಟಿರುವುದು ನಾವು ಉಳಿದುಕೊಂಡ ಮನೆಯ ಸಂಗತಿ.

ಹೋಮ್ ಸ್ಟೇ ಎಂಬ ಫಲಕವೇನೋ ಗೇಟಿನಲ್ಲಿತ್ತು. ಒಳಗೆ ಹೋದರೆ ಸ್ವಾಗತ ಕೌಂಟರೂ ಇಲ್ಲ, ಬೀಗದ ಕೈಗೆ ಕಟ್ಟಿದ ನಂಬರಿನ ಬಿಲ್ಲೆಯೂ ಇಲ್ಲ. ಎರಡು ನಾಯಿಗಳು, ಅವುಗಳ ಹಿಂದೆ ಕೈ ಒರೆಸಿಕೊಳ್ಳುತ್ತ ಬಂದ ಮನೆಯೊಡತಿ. ‘ಮಳೆ ನಿಮಗೋಸ್ಕರ ಬಂದ ಹಾಗಿದೆ, ಹೂವು ಬಿಟ್ಟಿದೆ ನೋಡಿ’ ಎಂದರು. ತೋಟದ ತುಂಬ ಕಾಫಿ ಹೂವು! ಗಿಡದ ರೆಂಬೆ ರೆಂಬೆಗೂ ಯಾರೋ ಮಲ್ಲಿಗೆ ದಂಡೆ ಸುತ್ತಿಟ್ಟಂತೆ. ಆ ಪರಿಮಳ ಬಲ್ಲವರೇ ಬಲ್ಲರು. ಮೂರು ದಿನ ಕಳೆದರೆ ಎಲ್ಲ ಕಂದು.

ಯಜಮಾನರ ಬಳಿ ಎರಡು ಪುಸ್ತಕಗಳಿದ್ದವು. ಒಂದು ಮಳೆಯದು. ಕೊಡಗಿನ ಬೆಳೆಗಾರರು ಇಂದಿಗೂ ಮಳೆಯನ್ನು ಇಂಚು, ಸೆಂಟುಗಳಲ್ಲೇ ಬರೆದಿಡುತ್ತಾರೆ. ಮಾರ್ಚ್, ಏಪ್ರಿಲಿನಲ್ಲಿ ಒಂದಿಂಚು ‘ಹೂಮಳೆ’ ಬಿದ್ದರೆ ವಾರ, ಹತ್ತು ದಿನದಲ್ಲಿ ಮೊಗ್ಗು ಅರಳುತ್ತದೆ. ಆಮೇಲೆ ಎರಡು, ಮೂರು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಹೂವು ಅರಳಿದ್ದಕ್ಕೆ ನಾವು ಹಿಗ್ಗುತ್ತಿದ್ದರೆ ಅವರು ಆಕಾಶ ನೋಡುತ್ತಿದ್ದುದು ಇದೇ ಕಾರಣಕ್ಕೆ.

ಇನ್ನೊಂದು, ಅತಿಥಿಗಳು ಹೆಸರು ಬರೆಯುವ ಪುಸ್ತಕ. ಅದು ಶುರುವಾದದ್ದು ಕಾಫಿಯ ಬೆಲೆ ನೆಲ ಕಚ್ಚಿದ ಕಾಲದಲ್ಲಿ. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು. 2001ರ ಸುಮಾರಿಗಂತೂ ಹಣ್ಣು ಕುಯ್ಯಿಸಿದ ಕೂಲಿಯೂ ಹುಟ್ಟದ ಸ್ಥಿತಿ. ಮೊದಲು ಜೇನು ಕೈಹಿಡಿಯುತ್ತಿತ್ತು. ಆದರೆ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ಜೇನುಪೆಟ್ಟಿಗೆಗಳನ್ನೆಲ್ಲ ಬರಿದು ಮಾಡಿತ್ತು. ಉಳಿದಿದ್ದು ದೊಡ್ಡ ಮನೆ, ಅದರಲ್ಲಿ ಖಾಲಿ ಕೋಣೆಗಳು. ಕೊಡಗಿನಲ್ಲಿ ಹೀಗೆ ಬಾಗಿಲು ತೆರೆದ ಮನೆಗಳು ಒಂದೆರಡಲ್ಲ.

ಪುಟ ತಿರುವುತ್ತಿದ್ದ ಮಗಳು ಒಂದು ಕಡೆ ನಿಂತಳು. ‘ಇಲ್ಲಿ ಯಾರೂ ಬಂದಿಲ್ವಾ ಅಂಕಲ್?’ ಅದು 2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆ, ತೋಟ, ಜೀವ ಹೋದ ತಿಂಗಳು. ಈ ಮನೆಗೆ ಏನೂ ಆಗಲಿಲ್ಲ. ಆದರೆ ‘ಕೊಡಗು ಹೋಯಿತಂತೆ’ ಎಂಬ ಸುದ್ದಿಗೆ ಹೆದರಿ ಬುಕ್ ಮಾಡಿದವರೆಲ್ಲ ಕೈಬಿಟ್ಟರು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ, ಮತ್ತೆ ಖಾಲಿ ಪುಟ. ಅದರ ಕಾರಣ ಎಲ್ಲರಿಗೂ ಗೊತ್ತಿರುವುದೇ.

ರಾತ್ರಿ ಊಟಕ್ಕೆ ಕಡಂಬುಟ್ಟು, ಎಳೆ ಹಲಸಿನ ಪಲ್ಯ. ನಾವು ಮಾಂಸ ತಿನ್ನುವವರಲ್ಲವೆಂದು ಮೊದಲೇ ತಿಳಿಸಿದ್ದೆವು. ನಮಗೆ ಬೇರೆ ಮೇಜು ಹಾಕಲಿಲ್ಲ, ಅವರೊಂದಿಗೇ ಕೂತೆವು. ಮಾತಿನ ಮಧ್ಯೆ ಗೊತ್ತಾಯಿತು, ಮಗಳಿಗೆ ಕೊಟ್ಟ ಕೋಣೆ ಆ ಮನೆಯ ಮಗಳದೇ. ಕಪಾಟಿನಲ್ಲಿ ಅವಳ ಹತ್ತನೇ ತರಗತಿಯ ಪುಸ್ತಕಗಳು, ಹಾಕಿ ಪಂದ್ಯದ ಒಂದು ಕಪ್ಪು. ಅವಳೀಗ ಕೆಂಗೇರಿಯಲ್ಲಿ ಪಿಜಿಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾಳೆ. ಫೀಸಿನ ಪಾಲು ಬರುವುದು ಅವಳದೇ ಕೋಣೆಯ ಬಾಡಿಗೆಯಿಂದ!

‘ಪುತ್ತರಿ ಹಬ್ಬಕ್ಕೆ ಬಂದಾಗ ಕೋಣೆ ಬುಕ್ ಆಗಿತ್ತು. ಅಡುಗೆಮನೆ ಪಕ್ಕ ಚಾಪೆ ಹಾಕ್ಕೊಂಡು ಮಲಗಿದಳು’ ಎಂದು ಆಕೆ ನಕ್ಕರು. ಯಜಮಾನರು ನಗಲಿಲ್ಲ. ತಟ್ಟೆ ನೋಡುತ್ತ ಕೂತರು. ನನ್ನ ಮಗಳೂ ತಲೆ ತಗ್ಗಿಸಿದಳು.

ಇಡೀ ಮನೆಯನ್ನೇ ಗುತ್ತಿಗೆಗೆ ಕೊಡಿ, ಎಲ್ಲ ನಾವೇ ನಡೆಸುತ್ತೇವೆ ಎಂದು ಕೇಳಿಕೊಂಡು ಬಂದವರಿದ್ದರಂತೆ. ಕೈತುಂಬ ದುಡ್ಡು, ತಲೆನೋವಿಲ್ಲ. ಹಾಗೆ ಕೊಟ್ಟು ಪೇಟೆ ಸೇರಿದವರೂ ಉಂಟು. ಮನೆಯವರು ಅಲ್ಲೇ ವಾಸವಿರಬೇಕು, ಕೋಣೆಗಳು ಹೆಚ್ಚಿರಬಾರದು ಎನ್ನುವುದು ಪ್ರವಾಸೋದ್ಯಮ ಇಲಾಖೆಯ ನಿಯಮ. ಪಾಲಿಸುವವರೂ ಇದ್ದಾರೆ, ಇಲ್ಲದವರೂ ಇದ್ದಾರೆ. ಈ ದಂಪತಿ ಒಪ್ಪಲಿಲ್ಲ. ‘ನಾವು ಇಲ್ಲದಿದ್ದರೆ ಇದು ಲಾಡ್ಜು. ಅವಳು ರಜಕ್ಕೆ ಎಲ್ಲಿಗೆ ಬರಬೇಕು?’ ಎಂದರು ಆಕೆ. ಮಗಳು ಓದು ಮುಗಿಸಿ ಇಲ್ಲಿಗೇ ಮರಳುತ್ತಾಳೆಯೇ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. ‘ನಿಮ್ಮೂರಲ್ಲಿ ಕೆಲಸ ಸಿಕ್ಕಿದರೆ ಬರ್ತಾಳಾ ಸಾರ್?’ ಎಂದರು ಯಜಮಾನರು.

ಮರುದಿನ ನಸುಕಿನಲ್ಲಿ ನನ್ನ ಮಗಳು ಆಕೆಯ ಹಿಂದೆ ಮೆಣಸಿನ ಬಳ್ಳಿಗಳ ನಡುವೆ ಅಲೆದು, ಬರುವಾಗ ಒಂದು ಚಿಟಿಕೆ ಕೊಡವ ಮಾತನ್ನೂ ಕಲಿತು ಬಂದಳು. ಕೊನೆಯ ರಾತ್ರಿ ತಾನು ಹಾಲಿನಲ್ಲಿ ಮಲಗುತ್ತೇನೆಂದು ಹಟ ಹಿಡಿದಳು. ಯಾಕೆಂದು ಯಾರೂ ಕೇಳಲಿಲ್ಲ.

ಹೊರಡುವಾಗ ಮನೆಯೊಡತಿ ಬಾಳೆಲೆಯಲ್ಲಿ ಸುತ್ತಿದ ಅಕ್ಕಿರೊಟ್ಟಿಯ ಕಟ್ಟನ್ನೂ ಒಂದು ಸೀಸೆ ಜೇನನ್ನೂ ಕೊಟ್ಟರು. ನಮಗಲ್ಲ, ಕೆಂಗೇರಿಗೆ. ಸಂಜೆ ಬಸ್ಸು ಅಲ್ಲಿ ನಿಂತಾಗ ಕತ್ತಲಾಗಿತ್ತು. ನಾವೂ ಅಲ್ಲೇ ಇಳಿದೆವು. ಆ ಹುಡುಗಿ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಕಟ್ಟನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು. ನಮಗೆ ನಮಸ್ಕಾರ ಹೇಳುವ ಮೊದಲೇ ನನ್ನ ಮಗಳ ಕಡೆ ತಿರುಗಿ ಕೇಳಿದಳು:

‘ಹೂವು ಇನ್ನೂ ಇದೆಯಾ, ಕಂದಾಯ್ತಾ?’