ಮನಗೂಳಿಯ ತಂಬೂರಿ

ವಿಜಯಪುರದಿಂದ ಆಗ್ನೇಯಕ್ಕೆ ಹೋಗುವ ಹೆದ್ದಾರಿಯ ಮೇಲೆ, ಡೋಣಿಯ ಎರೆನೆಲದ ಸೀಮೆಯಲ್ಲಿ, ಮನಗೂಳಿ ಎಂಬ ಊರಿರುವದು. ಶಾಸನಗಳಲ್ಲಿ ಇದರ ಹೆಸರು ಮಣಿಂಗವಳ್ಳಿ. ಕಲಚುರಿ ಬಿಜ್ಜಳನ ಕಾಲದ, 1161ನೆಯ ಇಸವಿಯ ಇಲ್ಲಿಯ ಶಾಸನವನ್ನು ಫ್ಲೀಟ್ ಮಹಾಶಯರು ಪ್ರಕಟಿಸಿರುವರು. ಬಸವೇಶ್ವರರ ಜನ್ಮಸ್ಥಳವಾದ ಬಾಗೇವಾಡಿಯೂ ಇಲ್ಲಿಗೆ ಸಮೀಪವೇ. ಇಂಥ ಊರಿಗೆ ಹೋಗಿ ಬಂದವರು ಗುಡಿ-ಶಾಸನಗಳನ್ನು ವರ್ಣಿಸುವದು ವಾಡಿಕೆ. ನಾವು ಈ ಸಾರೆ ಬರೆಯಹೊರಟಿರುವದಾದರೋ, ಅಂಗೈಯಲ್ಲಿ ಅಡಗುವ ಎಲುಬಿನ ತುಂಡೊಂದರ ವಿಷಯವನ್ನು.

ಕಳೆದ ಶ್ರಾವಣದಲ್ಲಿ ಆ ಊರಿನ ನಮ್ಮ ಬಂಧುಗಳ ಮನೆಗೆ ಹೋಗಿದ್ದೆವು. ಬೆಂಗಳೂರಿನಲ್ಲಿ ಬಾಸ್ ಗಿಟಾರ್ ಬಾರಿಸುವ ನಮ್ಮ ಸೋದರಳಿಯನೂ ಜೊತೆಗಿದ್ದನು. ರಾತ್ರಿ ಭಜನೆ ಕೂಡಿತು. ತಾಳ, ದಮ್ಮಡಿ, ಪೇಟಿ ಎಲ್ಲವೂ ಇದ್ದವು. ಆದರೆ ಐವತ್ತು ವರ್ಷ ಅಲ್ಲಿ ಮುಂದಾಳಾಗಿ ಹಾಡಿದ ಅಜ್ಜನವರು ಗೋಡೆಗೆ ಆತುಕೊಂಡು ಸುಮ್ಮನೆ ಕುಳಿತಿದ್ದರು. ಅವರ ಹಳೆಯ ತಂಬೂರಿ ಪಕ್ಕದಲ್ಲಿತ್ತು. ಮೀಟಿದರೆ ತಗಡು ಬಡಿದ ಹಾಗೆ ಒಂದು ಒಣ ಸಪ್ಪಳ ಬಂದು ಅಲ್ಲಿಗೇ ಸಾಯುತ್ತಿತ್ತು. "ಯಂತ್ರದ ತಂಬೂರಿ ತರಿಸೋಣ್ರಿ ಅಜ್ಜಾರ, ಗುಂಡಿ ಒತ್ತಿದರ ಸಾಕು," ಎಂದು ಹುಡುಗರು ಹೇಳಿದರು. ಅಜ್ಜನವರು ಬೇಡವೆನ್ನಲಿಲ್ಲ. "ನನ್ನ ದನೀನೂ ಮುಗೀತಪ್ಪ, ಅದರದೂ ಮುಗೀತು," ಎಂದರಷ್ಟೇ. ಆ ಮಾತು ನಮ್ಮ ಮನಸ್ಸನ್ನು ಕಲಕಿತು.

ತಂಬೂರಿಯ ಬುರುಡೆಯ ಮೇಲಿನ ಹಲಗೆಯಲ್ಲಿ, ತಂತಿಗಳನ್ನು ಹೊತ್ತು ನಿಂತ ತುಂಡಿಗೆ ಕುದುರೆ ಎನ್ನುವರು. ಗಿಟಾರಿನಲ್ಲಿ ತಂತಿಯು ಕುದುರೆಯ ಚೂಪಾದ ಅಂಚಿನಿಂದ ಒಮ್ಮೆಲೇ ಬಿಟ್ಟುಹೋಗುವದು. ತಂಬೂರಿಯ ಕುದುರೆಯೋ ಅಗಲವಾಗಿದ್ದು, ಅದರ ಬೆನ್ನು ಕಣ್ಣಿಗೆ ಕಾಣಿಸದಷ್ಟು ಮೆಲ್ಲನೆ ಇಳಿಜಾರಾಗಿರುವದು. ನಡುಗುವ ತಂತಿಯು ಆ ಬೆನ್ನನ್ನು ಸವರುತ್ತ ಸವರುತ್ತ ಝೇಂಕರಿಸುವದು. ತಂತಿಯ ಕೆಳಗೆ ಸೇರಿಸುವ ನೂಲಿನ ಎಳೆಗೆ ಜೀವ ಎಂದೇ ಹೆಸರು. ಅದು ಕೂದಲೆಳೆಯಷ್ಟು ಸರಿದರೂ ನಾದ ಬೇರೆಯಾಗುವದು. ತಂತಿಯನ್ನು ಒಂದು ನಿಶ್ಚಿತ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಬಾರದೆಂದು ಭೌತಶಾಸ್ತ್ರದ ನಿಯಮ. ನಮ್ಮ ವೀಣೆ-ತಂಬೂರಿಗಳ ಕುದುರೆ ಅವನ್ನೂ ಹುಟ್ಟಿಸುವದೆಂದು ಸರ್ ಸಿ. ವಿ. ರಾಮನ್‌ರು 1921ರಲ್ಲಿಯೇ ತೋರಿಸಿಕೊಟ್ಟರು.

ನಮ್ಮ ಅಳಿಯನಿಗೆ ಇದೆಲ್ಲ ವಿಚಿತ್ರವೆನಿಸಿತು. "ಮಾಮಾ, ನಮ್ಮದು ಇದಕ್ಕೆ ಪೂರಾ ಉಲ್ಟಾ," ಎಂದನು. ಅವನ ವಾದ್ಯದ ನಾದ ಬಹಳ ಹೊತ್ತು ಉಳಿದರೆ ಡ್ರಮ್ಮಿನ ಪೆಟ್ಟಿನೊಡನೆ ಕಲಸಿಹೋಗುವದಂತೆ. ಆದಕಾರಣ ಬಾರಿಸುವವರು ಅಂಗೈಯ ಅಂಚನ್ನು ಕುದುರೆಯ ಬಳಿ ತಂತಿಯ ಮೇಲೆ ಇಡುವರು. ಇಲ್ಲವೆ ಅಲ್ಲಿ ಸ್ಪಂಜಿನ ಚೂರೊಂದನ್ನು ಸಿಗಿಸುವರು. 1951ರಲ್ಲಿ ಅಮೇರಿಕೆಯ ಲಿಯೋ ಫೆಂಡರ್ ಬಾಸ್ ಗಿಟಾರನ್ನು ಮಾರಾಟಕ್ಕೆ ತಂದನು. ಅವನ ಕಂಪನಿಯ ವಾದ್ಯಗಳಲ್ಲಿ ಕುದುರೆಯ ಮುಚ್ಚಳದೊಳಗೇ ಇಂಥ ಸ್ಪಂಜು ಇರುತ್ತಿತ್ತು. ಒಂದು ವಾದ್ಯಕ್ಕೆ ಸ್ವರವನ್ನು ತಡೆಯುವದೇ ಕಲೆ. ಇನ್ನೊಂದಕ್ಕೆ ಸ್ವರವನ್ನು ಸಾಯಗೊಡದಿರುವದೇ ಕಲೆ.

ಮರುವಾರ ನಾವಿಬ್ಬರೂ ತಂಬೂರಿಯನ್ನು ಕೌದಿಯಲ್ಲಿ ಸುತ್ತಿಕೊಂಡು, ಅಥಣಿ-ಕಾಗವಾಡಗಳ ಮೇಲೆ ಮಿರಜಿಗೆ ಹೊರಟೆವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ, ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದ ಫರೀದಸಾಹೇಬರು ಅಲ್ಲಿ ಸಿತಾರ-ತಂಬೂರಿಗಳ ಕಸಬನ್ನು ಆರಂಭಿಸಿದರು. ಖಾನ್‌ಸಾಹೇಬ ಅಬ್ದುಲ್ ಕರೀಮ್ ಖಾನರು ನೆಲಸಿ, 1937ರಿಂದ ಚಿರನಿದ್ರೆಯಲ್ಲಿರುವ ಊರೂ ಅದೇ. ಪಂಢರಪುರ-ಮಂಗಳವೇಢೆಗಳ ಕಡೆಯ ಸೋರೆಬುರುಡೆಗಳು ಅಂಗಡಿಗಳಲ್ಲಿ ಸಾಲಾಗಿ ತೂಗುತ್ತಿದ್ದವು. ಮಿರಜಿನ ಸಿತಾರ-ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿರುವದು.

ಹೊಸ ಕುದುರೆಯನ್ನು ಕೊಳ್ಳಬೇಕೆಂಬುದು ನಮ್ಮ ಎಣಿಕೆ. ಕಾರೀಗರರು ಹಲವನ್ನು ನಮ್ಮ ಮುಂದಿಟ್ಟರು. ಒಂಟೆಯ ಎಲುಬಿನದು ಗಟ್ಟಿ, ನಾದ ಸ್ಪಷ್ಟ, ಕರಿಮರದ್ದು ಮೃದು, ಆದರೆ ಬೇಗ ಸವೆಯುವದು, ಪ್ಲಾಸ್ಟಿಕ್ಕಿನದು ಅಗ್ಗ. ಹಿಂದೆ ಜಿಂಕೆಯ ಕೊಂಬೂ ದಂತವೂ ಬಳಕೆಯಲ್ಲಿದ್ದವು. ಅವುಗಳ ವ್ಯಾಪಾರ ಈಗ ಕಾಯದೆಯಿಂದ ನಿಷಿದ್ಧ. ನಾವು ಎಲುಬಿನದನ್ನು ಕೈಗೆತ್ತಿಕೊಂಡೆವು. ಅವರು ಮಾತ್ರ ನಮ್ಮ ಹಳೆಯ ಕುದುರೆಯನ್ನು ಬೆಳಕಿಗೆ ಹಿಡಿದು, ಮರಾಠಿ ಬೆರೆತ ಕನ್ನಡದಲ್ಲಿ ಕೇಳಿದರು: "ಇದರ ಸಂಗಡ ಹಾಡವರು ಯಾರ್ರಿ? ಯಾವ ಪಟ್ಟಿಗೆ ಹಾಡತಾರ?"

ನಮಗೆ ಉತ್ತರ ತಿಳಿಯಲಿಲ್ಲ. ಊರಿಗೆ ಫೋನು ಮಾಡಿದಾಗ ನಿಜಸ್ಥಿತಿ ಹೊರಬಿತ್ತು. ಪೇಟಿ ಬಾರಿಸುವ ಹುಡುಗರು ತಮ್ಮ ಏರುದನಿಗೆಂದು ತಂಬೂರಿಗೆ ಸಣ್ಣ ತಂತಿ ಹಾಕಿ, ಬಿಳಿ ಒಂದರಿಂದ ಕಪ್ಪು ಎರಡಕ್ಕೆ ಏರಿಸಿದ್ದರು. ಬಿಗಿದ ಸಣ್ಣ ತಂತಿ ಎಲುಬನ್ನು ಕೊರೆದು, ಆ ಕಚ್ಚಿನಲ್ಲಿಯೇ ಸಿಕ್ಕು ಮೂಕವಾಗಿತ್ತು. ಅಜ್ಜನವರ ಕಂಠವೂ ಆ ಎತ್ತರಕ್ಕೆ ಏರಲಾರದೆ ಮೂಕವಾಗಿತ್ತು! ಹಿರಿಯರು ಬಾಯಿಬಿಟ್ಟು ಹೇಳಿರಲಿಲ್ಲ, ಕಿರಿಯರು ಕೇಳಿರಲಿಲ್ಲ.

ಕಾರೀಗರರು ಹೊಸ ಕುದುರೆಯನ್ನು ಮಾರಲೇ ಇಲ್ಲ. ಹಳೆಯದರ ಬೆನ್ನನ್ನು ಕಾನಸಿನಿಂದ ತಿಕ್ಕಿದರು, ತಂತಿಯೇರಿಸಿ ಕೇಳಿದರು, ಮತ್ತೆ ಇಳಿಸಿ ತಿಕ್ಕಿದರು. ಹೀಗೆ ಮಧ್ಯಾಹ್ನವೆಲ್ಲ ಕಳೆಯಿತು. ಒಂದು ತಂತಿಯನ್ನು ಪರೀಕ್ಷಿಸುವಾಗ ಉಳಿದ ಮೂರರ ಮೇಲೆ ಅಂಗೈಯಿಟ್ಟು ಸುಮ್ಮನಾಗಿಸುತ್ತಿದ್ದರು. ಅಳಿಯನು ನಕ್ಕು, "ಇದು ನಮ್ಮ ವಿದ್ಯಾನೂ ಹೌದಲ್ಲ ಮಾಮಾ!" ಎಂದನು. ಕೊನೆಗೆ ದಪ್ಪ ತಂತಿ ಹಾಕಿ, ಬಿಳಿ ಒಂದಕ್ಕೆ ಇಳಿಸಿ, ಜೀವವನ್ನು ಸರಿಸಿದರು. ಅಂಗಡಿಯೆಲ್ಲ ತುಂಬಿ ತುಳುಕುವಂಥ ನಾದವೆದ್ದಿತು.

ಮನೆಯಲ್ಲಿ ತಂಬೂರಿಯಿರುವ ವಾಚಕರಿಗೆ ಅವರು ಹೇಳಿದ ಬುದ್ಧಿಮಾತು ಇಷ್ಟು: ಪ್ರಯಾಣದಲ್ಲಿ ತಂತಿಗಳನ್ನು ಸಡಿಲಿಸಿ, ಕೆಳಗೆ ಮೆತ್ತನೆಯ ಅರಿವೆಯನ್ನು ತೂರಿಸಿರಿ, ಬಿಸಿಲಿಗೂ ಸಿಮೆಂಟಿನ ಹಸಿನೆಲಕ್ಕೂ ಬುರುಡೆಯನ್ನು ಒಡ್ಡಬೇಡಿರಿ, ಕುದುರೆಯ ಮೇಲೆ ನೀವಾಗಿ ಕಾನಸು ಆಡಿಸಬೇಡಿರಿ.

ಮನಗೂಳಿಗೆ ತಿರುಗಿ ಬಂದ ರಾತ್ರಿ ಅಜ್ಜನವರು ತಂಬೂರಿಯನ್ನು ತೊಡೆಯ ಮೇಲಿಟ್ಟುಕೊಂಡು, ಬಹಳ ಹೊತ್ತು ಬರಿದೇ ಮೀಟಿದರು. ಪೇಟಿಯ ಹುಡುಗನು ತಾನಾಗಿಯೇ ಬಿಳಿ ಒಂದರ ಮೇಲೆ ಬೆರಳಿಟ್ಟನು. ಆ ಮೇಲೆ ಹಾಡು ಮೊದಲಾಯಿತು. ದನಿ ಸ್ವಲ್ಪ ನಡುಗುತ್ತಿತ್ತು, ನಿಜ. ಆದರೆ ಎಲ್ಲಿಯೂ ತಪ್ಪಲಿಲ್ಲ. ಕುದುರೆಯನ್ನು ಆರಿಸುವ ಮೊದಲು ಹಾಡುವವರು ಯಾರೆಂದು ಕೇಳಬೇಕೆಂಬ ಪಾಠವನ್ನು ನಾವು ಮಿರಜಿನಿಂದ ತಂದೆವು. ತುಂಬಿದ ಮನೆಗಳಲ್ಲಿಯೂ ಅದು ಸಲ್ಲುವ ಪಾಠವೆಂದು ನಮಗೆ ತೋರುವದು.