ನಿಂತ ಸೀಸೆ, ಮಲಗಿದ ಸೀಸೆ

ಹಳ್ಳಿಯಲ್ಲಿ ಹೊಸ ಅಂಗಡಿಯೊಂದು ತೆರೆಯುವುದೆಂದರೆ ಸಾಮಾನ್ಯವಾಗಿ ಸಂತೋಷದ ವಾರ್ತೆಯೇ ಸರಿ. ಜವಳಿಯ ಅಂಗಡಿಯಾಗಲಿ ಔಷಧದ ಅಂಗಡಿಯಾಗಲಿ ಬರುವಾಗ ಊರಿನವರ ಒಪ್ಪಿಗೆಯನ್ನು ಯಾರೂ ಬೇಡುವುದಿಲ್ಲ. ಬೇಡಬೇಕಾದ ಕಾರಣವೂ ಇಲ್ಲ. ಮದ್ಯದಂಗಡಿಯೊಂದೇ ಇದಕ್ಕೆ ಅಪವಾದ. ಅದಕ್ಕೆ ಸನ್ನದು ದೊರೆಯುವುದಂತೆ ಎಂಬ ಸುದ್ದಿ ಹರಡಿದೊಡನೆ ಊರು ಎರಡು ಪಕ್ಷವಾಗುವುದು. ಗ್ರಾಮಸಭೆಯ ಕಡೆಗೆ ಎಂದೂ ಸುಳಿಯದಿದ್ದ ಹೆಂಗಸರು ಸೆರಗು ಬಿಗಿದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳ್ಳಿರುವರು. ಎಂದೂ ಮಾತು ನಿಲ್ಲಿಸದ ಗಂಡಸರು ಅಂದು ಕಂಬಕ್ಕೆ ಒರಗಿ ಮೌನವಾಗಿರುವರು.

ಇಷ್ಟು ಕಳವಳಕ್ಕೆ ಕಾರಣವಾದ ವಿಷಯದಲ್ಲಿ ನಿಯಮಗಳು ಮೊದಲು ಹಿಡಿಯುವುದು ಅಳತೆಯ ಟೇಪನ್ನು. ಕರ್ನಾಟಕದ 1967ರ ಅಬಕಾರಿ ಸನ್ನದು ನಿಯಮಗಳ ಪ್ರಕಾರ ದೇವಾಲಯ, ಶಾಲೆ, ಆಸ್ಪತ್ರೆ ಮೊದಲಾದವುಗಳಿಂದ 100 ಮೀಟರಿನೊಳಗೆ ಮದ್ಯದಂಗಡಿ ಇರಕೂಡದು. ನೂರೊಂದನೆಯ ಮೀಟರಿನಿಂದ ದೇವರಿಗೂ ಮಕ್ಕಳಿಗೂ ವಾಸನೆ ತಾಕದೆಂದು ಕಂಡುಹಿಡಿದ ಪುಣ್ಯಾತ್ಮರು ಯಾರೋ! 2016ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದ ಮಾರಾಟವನ್ನು ನಿಷೇಧಿಸಿತು. ಮುಂದಿನ ಮಾರ್ಚಿನಲ್ಲಿ ಸಣ್ಣ ಊರುಗಳ ಮಟ್ಟಿಗೆ ಅದನ್ನು 220 ಮೀಟರಿಗೆ ಇಳಿಸಿತು. ಉದ್ದೇಶವೇನೋ ಒಳ್ಳೆಯದೇ. ಆದರೆ ಹೆದ್ದಾರಿಯಿಂದ ಎದ್ದ ಅಂಗಡಿಗಳಲ್ಲಿ ಎಷ್ಟೋ ಕೇರಿಗಳ ಒಳಕ್ಕೆ ಬಂದು ಕುಳಿತುವು. ಟೇಪು ರಸ್ತೆಯನ್ನು ಅಳೆಯಬಲ್ಲುದು. ಕೂಲಿಯ ಹಣವು ಸಂಜೆಯ ಹೊತ್ತಿಗೆ ಮನೆಯ ಹೊಸ್ತಿಲನ್ನು ಮುಟ್ಟಲು ಎಷ್ಟು ದೂರ ನಡೆಯಬೇಕೆಂಬುದನ್ನು ಅಳೆಯಲಾರದು.

ಸನ್ನದು ಬೇಡುವವನು ದುಷ್ಟನೇ ಆಗಿರಬೇಕೆಂದಿಲ್ಲ. ಅವನಿಗೂ ಮನೆಮಠವುಂಟು, ಸಾಲಸೋಲವುಂಟು. ನ್ಯಾಯವಾಗಿ ತೆರಿಗೆ ಕೊಟ್ಟು ವ್ಯಾಪಾರ ಮಾಡುವವನನ್ನು ಏಕೆ ತಡೆಯಬೇಕೆಂದು ಅವನು ಕೇಳಿದರೆ, ಕೇಳಿದವರಿಗೆ ಅದು ಸರಿಯೆಂದೇ ತೋರುವುದು. ಆದರೆ ಪ್ರಶ್ನೆಯೇ ತಲೆಕೆಳಗಾಗಿದೆ. ಮದ್ಯವನ್ನು ಮಾರುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1994ರಲ್ಲಿ, ಅದೂ ಕರ್ನಾಟಕದಿಂದಲೇ ಹೋದ ಮೊಕದ್ದಮೆಯಲ್ಲಿ, ನಿರ್ಣಯಿಸಿತು. ಹಕ್ಕಲ್ಲದ ಮೇಲೆ, ಏಕೆ ಕೊಡಬಾರದೆಂದು ಊರು ಉತ್ತರ ಹೇಳಬೇಕಾದುದಿಲ್ಲ. ಏಕೆ ಕೊಡಬೇಕೆಂದು ಬೇಡುವವನು ಊರಿಗೆ ತಿಳಿಸಬೇಕು.

ಅವನ ಪಕ್ಷದವರು ಹೇಳುವ ಕಾರಣವೊಂದುಂಟು. ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಊರಿನ ಕಿರಾಣಿ ಅಂಗಡಿಗಳಲ್ಲಿ, ಚಹದ ಹೋಟೆಲುಗಳಲ್ಲಿ ಹೇಗೂ ಮದ್ಯವು ಕದ್ದು ಮಾರಾಟವಾಗುತ್ತಿದೆ. ಅದಕ್ಕಿಂತ ಲೆಕ್ಕಪತ್ರವಿರುವ ಅಂಗಡಿ ಮೇಲಲ್ಲವೇ, ಎಂಬುದು ಆ ವಾದ. ಆದರೆ ಸಕ್ಕರೆಯ ಮೂಟೆಯ ಹಿಂದೆ ಅಡಗಿರುವ ಆ ಪೊಟ್ಟಣ ಎಲ್ಲಿಂದ ಬಂತು? ಅನೇಕ ವೇಳೆ ಅದು ಹತ್ತಿರದ ಪೇಟೆಯ ಸನ್ನದಿನ ಅಂಗಡಿಯಿಂದಲೇ ಚೀಲದಲ್ಲಿ ಕುಳಿತು ಬಂದದ್ದು. ಊರಿಗೇ ಸನ್ನದು ಕೊಟ್ಟರೆ ಕಳ್ಳವ್ಯಾಪಾರವು ನಿಲ್ಲುವುದೆಂಬ ಭರವಸೆಯೇನು? ಚೀಲವು ಹೊರುವ ದಾರಿ ಮಾತ್ರ ಮೊಟಕಾಗುವುದು. ಇತ್ತ ಪೂರ್ಣ ನಿಷೇಧದ ಹಾದಿಯೂ ಸುಗಮವಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ 2015ರಲ್ಲಿ ತಂದ ನಿಷೇಧವನ್ನು ಅಲ್ಲಿನ ಸರಕಾರವೇ 2021ರಲ್ಲಿ ತೆಗೆದುಹಾಕಿತು.

ಸರಕಾರವು ಈ ವಿಷಯದಲ್ಲಿ ತಟಸ್ಥನಾದ ಪಂಚನಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು, ನಿಜ. ಆದರೆ ಉಳಿದ ಮದ್ಯದ ಸಗಟು ವ್ಯಾಪಾರ ಸರಕಾರದ ನಿಗಮದ್ದು, ಚಿಲ್ಲರೆ ಅಂಗಡಿಗಳಲ್ಲಿ ಕೆಲವು ಸರಕಾರದ ಕಂಪನಿಯವು. 2023-24ರಲ್ಲಿ ಅಬಕಾರಿಯ ಆದಾಯ 30,000 ಕೋಟಿ ರೂಪಾಯಿಗಳನ್ನು ಮೀರಿತು. ಅಂಗಡಿಯ ಪಾಲುಗಾರನೇ ಅಂಗಡಿಯ ನ್ಯಾಯವನ್ನು ಹೇಳುವುದು ಹೇಗೆ? ಚಿತ್ರದುರ್ಗದ ಸೀಮೆಯವರಿಗೆ ಇದು ಹೊಸ ಪ್ರಶ್ನೆಯಲ್ಲ. 1939ರಲ್ಲಿ ತುರುವನೂರಿನಲ್ಲಿ ಈಚಲು ಮರಗಳಿಗೆ ಕೊಡಲಿ ಹಾಕಿದವರು ಹೊಡೆದದ್ದು ಹೆಂಡದ ಮೂಲಕ್ಕೆ ಮಾತ್ರವಲ್ಲ, ಅಂದಿನ ಸರಕಾರದ ವರಮಾನಕ್ಕೂ. ಎಂಬತ್ತು ವರ್ಷಗಳ ತರುವಾಯ, 2019ರ ಜನವರಿಯಲ್ಲಿ, ಮದ್ಯನಿಷೇಧವನ್ನು ಬೇಡುತ್ತ ಸಾವಿರಾರು ಮಂದಿ ಹೆಂಗಸರು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೊರಟದ್ದೂ ಅದೇ ಚಿತ್ರದುರ್ಗದಿಂದ.

ಕನ್ನಡಿಗರು ಬಹಳವಾಗಿರುವ ಸೊಲ್ಲಾಪುರ, ಸಾಂಗಲಿಗಳನ್ನೊಳಗೊಂಡ ಮಹಾರಾಷ್ಟ್ರದಲ್ಲಿ ಊರನ್ನು ಕೇಳುವ ಕ್ರಮವೊಂದುಂಟು. ಸ್ತ್ರೀ ಮತದಾರರಲ್ಲಾಗಲಿ ಒಟ್ಟು ಮತದಾರರಲ್ಲಾಗಲಿ ನೂರಕ್ಕೆ 25 ಮಂದಿ ರುಜು ಹಾಕಿ ಬೇಡಿದರೆ ಅಧಿಕಾರಿಗಳು ರುಜುಗಳನ್ನು ಪರೀಕ್ಷಿಸಿ ಗುಪ್ತಮತದಾನವನ್ನು ಏರ್ಪಡಿಸುವರು. ಓದುಬರಹ ಬಾರದವರಿಗೂ ತಿಳಿಯುವಂತೆ ಚೀಟಿಯಲ್ಲಿ ಎರಡು ಸೀಸೆಗಳ ಚಿತ್ರ: ನಿಂತ ಸೀಸೆಯೆಂದರೆ ಅಂಗಡಿ ಇರಲಿ, ಮಲಗಿದ ಸೀಸೆಯೆಂದರೆ ಮುಚ್ಚಲಿ. ಗಂಡನೆದುರಿಗೆ ಬಾಯಿ ಬಿಡಲಾರದವಳು ಪರದೆಯ ಮರೆಯಲ್ಲಿ ಸೀಸೆಯನ್ನು ಮಲಗಿಸಿ ಬರಬಹುದು. ಎಷ್ಟು ಸರಳ, ಎಷ್ಟು ಘನವಾದ ಉಪಾಯ!

ಆದರೂ ಅದರಲ್ಲೊಂದು ಕೊರತೆ. ಬಂದು ಮತ ಹಾಕಿದವರಲ್ಲಿ ಹೆಚ್ಚಿನವರು ಮಲಗಿದ ಸೀಸೆಯನ್ನು ಆರಿಸಿದರೆ ಸಾಲದು; ಪಟ್ಟಿಯಲ್ಲಿರುವವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ ಆರಿಸಬೇಕು. ಕಬ್ಬು ಕಡಿಯಲು ಗುಳೆ ಹೋದವಳು, ಬಾಣಂತಿತನಕ್ಕೆ ತವರಿಗೆ ಹೋದವಳು, ಹಾಸಿಗೆ ಹಿಡಿದ ಮುದುಕಿ, ಇವರೆಲ್ಲರೂ ಬಾರದಿದ್ದ ಮಾತ್ರಕ್ಕೆ ನಿಂತ ಸೀಸೆಯ ಪಕ್ಷಕ್ಕೆ ಸೇರಿದಂತಾಯಿತು. ಅದೂ ಅಂಗಡಿ ತೆರೆದು, ಸಾಲದ ಪುಸ್ತಕ ತುಂಬಿದ ಮೇಲೆ. ಈ ಕ್ರಮವನ್ನು ಹಿಂದುಮುಂದಾಗಿಸಿ, ಬೀಗ ತೆರೆಯುವ ಮೊದಲೇ, ಊರಿನ ಸ್ತ್ರೀಯರಲ್ಲಿ ಅರ್ಧಕ್ಕೆ ಮಿಕ್ಕವರ ರುಜುವನ್ನು ತರುವ ಹೊಣೆಯನ್ನು ಸನ್ನದು ಬೇಡುವವನ ಮೇಲೆಯೇ ಹೊರಿಸಬಾರದೇಕೆ? ಅವನು ಕಾಗದವನ್ನು ಹಿಡಿದು ಮನೆಮನೆಯ ಬಾಗಿಲಲ್ಲಿ ನಿಲ್ಲಲಿ. ಒಳಗಿನಿಂದ ಬರುವ ಉತ್ತರವನ್ನು ತನ್ನ ಕಿವಿಯಿಂದಲೇ ಕೇಳಲಿ.